ಹಂದರ ಮೊದಲು, ಬಳ್ಳಿ ಆಮೇಲೆ

ವೈಶಾಖದ ಸಂಜೆ. ಹಗಲೆಲ್ಲ ಬಿಸಿಲುಂಡ ಡಾಂಬರು ರಸ್ತೆ ಇನ್ನೂ ಝಳವನ್ನು ಬಿಡುತ್ತಿರುವ ಹೊತ್ತಿನಲ್ಲಿ ಬಾಗಲಕೋಟೆಯ ನವನಗರದ ಯಾವ ಸೆಕ್ಟರಿನ ಒಳಬೀದಿಯಲ್ಲಿ ನಡೆದು ಹೋದರೂ, ಮನೆಗಳಿಗಿಂತ ಮೊದಲು ಕಣ್ಣನ್ನು ಸೆಳೆಯುವುವು ಅವುಗಳ ಮೇಲೆ ಹಬ್ಬಿದ ಹೂಬಳ್ಳಿಗಳು. ಒಂದು ಕಂಪೌಂಡಿನ ಮೇಲಿನಿಂದ ಕಾಗದದ ಹೂವಿನ ಕಡುಗೆಂಪು ರಾಶಿ ಹೊರಕ್ಕೆ ಸುರಿದು ಕಾಲುದಾರಿಯ ಅರ್ಧವನ್ನು ಆವರಿಸಿದೆ. ಇನ್ನೊಂದು ಮನೆಯ ಗೇಟಿನ ಕಮಾನನ್ನು ಮಧುಮಾಲತಿ ಬುಡದಿಂದ ನೆತ್ತಿಯವರೆಗೆ ಮುಚ್ಚಿ, ಮನೆಯ ಹೆಸರು ಬರೆದ ಫಲಕವನ್ನೂ ತನ್ನ ಎಲೆಗಳೊಳಗೆ ಎಳೆದುಕೊಂಡಿದೆ. ಮತ್ತೊಂದರ ಮಾಳಿಗೆಯಿಂದ ಇಳಿಬಿದ್ದ ಹಂಬುಗಳು ಗಾಳಿಗೆ ತೂಗುತ್ತ, ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ತಡಕಾಡುತ್ತಿವೆ.

ಸೂರ್ಯ ಮುಳುಗಿದೊಡನೆ ಮಧುಮಾಲತಿಯ ಗೊಂಚಲುಗಳಲ್ಲಿ ಅಂದಿನ ಮೊಗ್ಗುಗಳು ಬಿರಿಯತೊಡಗುತ್ತವೆ. ಈಗ ಅರಳಿದ ಹೂ ಹಾಲಿನಂತೆ ಬಿಳಿ. ಅದರ ಪಕ್ಕದಲ್ಲಿಯೇ ನಿನ್ನೆಯ ಹೂ ತಿಳಿಗೆಂಪು. ಅದರಾಚೆಗೆ ಮೊನ್ನೆಯದು ಕುಂಕುಮಗೆಂಪು. ಪರಿಮಳ ಹರಡುತ್ತದೆ. ಕೈಯಲ್ಲಿ ನೀರಿನ ಪೈಪು ಹಿಡಿದು ನಿಂತ ಗೃಹಿಣಿ ಮೇಲೆ ನೋಡುತ್ತಾಳೆ. ಆ ನೋಟದಲ್ಲಿ ಸಂತೋಷದಷ್ಟೇ ಚಿಂತೆಯೂ ಇದೆ. ಎರಡು ವರ್ಷದ ಹಿಂದೆ ಗೇಣುದ್ದದ ಸಸಿಯಾಗಿ ಬಂದ ಈ ಬಳ್ಳಿ ಈಗ ಕಿಟಕಿಯನ್ನು ಮುಚ್ಚಿದೆ, ಮಳೆನೀರಿನ ಕೊಳವೆಯನ್ನು ಸುತ್ತಿದೆ, ಬೀದಿ ಕಂಬದಿಂದ ಮನೆಗೆ ಬಂದ ವಿದ್ಯುತ್ ತಂತಿಗೆ ಇನ್ನು ಮೊಳದಷ್ಟೇ ದೂರದಲ್ಲಿದೆ. ಕಡಿಯಬೇಕೆಂದರೆ ಮನಸ್ಸಿಲ್ಲ, ಬಿಡೋಣವೆಂದರೆ ಧೈರ್ಯವಿಲ್ಲ.

ಬಳ್ಳಿಯನ್ನು ಬೆಳೆಸುವುದು ಎಲ್ಲರಿಗೂ ಗೊತ್ತು. ಅದನ್ನು ಆಳುವುದು ಹೇಗೆಂಬುದು ಅರ್ಧ ಮಾತ್ರ ಗೊತ್ತು. ಆ ಉಳಿದರ್ಧವನ್ನು ಕುರಿತದ್ದು ಈ ಲೇಖನ.

ನೆರಳಿಲ್ಲದ ಊರಿಗೆ ಬಂದ ಹಸಿರು

ನವನಗರದಲ್ಲಿ ಬಳ್ಳಿಗಳಿಗೆ ಇಷ್ಟೊಂದು ಮನ್ನಣೆ ಏಕೆಂಬುದನ್ನು ತಿಳಿಯಲು ಈ ಊರು ಹುಟ್ಟಿದ ಬಗೆಯನ್ನು ನೆನೆಯಬೇಕು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ ಶಂಕುಸ್ಥಾಪನೆಗೊಂಡ ಆಲಮಟ್ಟಿಯ ಅಣೆಕಟ್ಟು ಮೇಲೇಳುತ್ತ ಬಂದಂತೆ, ಕೃಷ್ಣೆಯ ಹಿನ್ನೀರು ಘಟಪ್ರಭೆಯ ಪಾತ್ರದೊಳಗೆ ಹಿಂದಕ್ಕೆ ಸರಿದು, ಶತಮಾನಗಳಿಂದ ನದಿಯ ದಡದಲ್ಲಿ ನೆಲೆಸಿದ್ದ ಹಳೆಯ ಬಾಗಲಕೋಟೆಯ ಓಣಿಗಳನ್ನು ಒಂದೊಂದಾಗಿ ನುಂಗಿತು. ಮುಳುಗಡೆಯಾದವರಿಗಾಗಿ, ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ, ನದಿಯಿಂದ ದೂರದ ಎತ್ತರದ ಬಯಲಿನಲ್ಲಿ ಸೆಕ್ಟರುಗಳ ಲೆಕ್ಕದಲ್ಲಿ ಹೊಸ ಊರು ತಲೆಯೆತ್ತಿತು.

ರಸ್ತೆಗಳು ಅಗಲವಾಗಿದ್ದವು, ನಿವೇಶನಗಳು ಗೆರೆ ಎಳೆದಂತಿದ್ದವು, ಇಲ್ಲದಿದ್ದುದು ನೆರಳೊಂದೇ. ಹಳೆಯ ಊರಿನಲ್ಲಿ ಮನೆಗೆ ಮನೆ ಒರಗಿಕೊಂಡು, ಮಣ್ಣಿನ ಮಾಳಿಗೆ ಬಿಸಿಲನ್ನು ತಡೆದು, ಓಣಿಯೇ ಒಂದು ಪಡಸಾಲೆಯಂತಿತ್ತು. ಹೊಸ ಊರಿನಲ್ಲಿ ಕಾಂಕ್ರೀಟಿನ ತಾರಸಿಯೂ ನಾಲ್ಕು ದಿಕ್ಕಿಗೂ ತೆರೆದ ಗೋಡೆಗಳೂ ಸಿಕ್ಕವು. ನೆಟ್ಟ ಬೇವು ನೆರಳು ಕೊಡಲು ಹತ್ತು ವರ್ಷ ಬೇಕು. ಬಳ್ಳಿಗೆ ಎರಡು ಮಳೆಗಾಲ ಸಾಕು. ಆದುದರಿಂದಲೇ ಮರಕ್ಕೆ ಮೊದಲು ಬಳ್ಳಿ ಬಂದಿತು.

ನಮ್ಮ ಮನೆಗೆ ಅದು ಬಂದುದು ಒದ್ದೆ ಗೋಣಿಚೀಲದಲ್ಲಿ. ಹಳೆಯ ಮನೆಯ ಬಾಗಿಲು, ತೊಲೆ, ಬೀಸುವ ಕಲ್ಲುಗಳನ್ನೇರಿಸಿದ ಟ್ರ್ಯಾಕ್ಟರಿನ ಮೂಲೆಯಲ್ಲಿ, ಹಿತ್ತಲ ಬಾವಿಯ ಪಕ್ಕದ ದುಂಡುಮಲ್ಲಿಗೆಯ ಹತ್ತಾರು ಕಡ್ಡಿಗಳನ್ನು ನಮ್ಮ ತಾಯಿಯವರು ಸುತ್ತಿಟ್ಟಿದ್ದರು. ಬಾವಿ ನೀರೊಳಗೆ ಹೋಯಿತು. ಮಲ್ಲಿಗೆ ಇಂದಿಗೂ ಹೂ ಬಿಡುತ್ತಿದೆ.

ವರ್ಷಕ್ಕೆ 600 ಮಿಲಿಮೀಟರನ್ನೂ ಮುಟ್ಟದ ಮಳೆ, ನಲವತ್ತು ಡಿಗ್ರಿಯನ್ನು ದಾಟುವ ಬೇಸಿಗೆ, ಅಗೆದರೆ ಸಲಿಕೆಗೆ ಗರಸು ತಾಗುವ ನೆಲ: ಇಂತಹ ಸ್ಥಳದಲ್ಲಿಯೇ 2008ರಲ್ಲಿ ತೋಟಗಾರಿಕೆಗೆಂದೇ ಮೀಸಲಾದ ವಿಶ್ವವಿದ್ಯಾಲಯವೊಂದು ಸ್ಥಾಪಿತವಾಗಿ, ಅದರ ಆವರಣಕ್ಕೆ ಉದ್ಯಾನಗಿರಿಯೆಂಬ ಹೆಸರಾದುದು ಈ ಊರಿನ ಆಸೆಯನ್ನು ಬಲ್ಲವರಿಗೆ ಸಹಜವಾಗಿಯೇ ಕಂಡೀತು.

ಬಳ್ಳಿ ಏರುವ ಬಗೆ

ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿಯ ಮೂರ್ತಿಯೊಂದಿದೆ. ಅಲುಗದೆ ನಿಂತ ತಪಸ್ವಿಯ ಕಾಲುಗಳನ್ನು ಲತೆಯೊಂದು ಬಳಸಿ ಮೇಲೇರಿರುವುದನ್ನು ಶಿಲ್ಪಿ ಕೆಂಪು ಕಲ್ಲಿನಲ್ಲಿ ಕಂಡರಿಸಿದ್ದಾನೆ. ಐಹೊಳೆಯ ಮೀನ ಬಸದಿಯಲ್ಲಿಯೂ ಇದೇ ದೃಶ್ಯವನ್ನು ಕಾಣಬಹುದು. ತಪಸ್ಸಿನ ದೀರ್ಘತೆಯನ್ನು ತಿಳಿಸಲು ಕವಿಗಳೂ ಶಿಲ್ಪಿಗಳೂ ಬಳ್ಳಿಯನ್ನೇ ಆರಿಸಿಕೊಂಡುದರಲ್ಲಿ ಸಸ್ಯದ ಸ್ವಭಾವದ ನಿಕಟ ಪರಿಚಯವಿದೆ. ಅಲುಗದೆ ನಿಂತುದು ಯಾವುದೇ ಆಗಿರಲಿ, ಕಂಬವಾಗಲಿ, ಕೊಳವೆಯಾಗಲಿ, ಮನುಷ್ಯನೇ ಆಗಲಿ, ಬಳ್ಳಿಗೆ ಅದು ಆಸರೆ.

ಮರವು ತನ್ನ ಆಹಾರದ ದೊಡ್ಡ ಪಾಲನ್ನು ಕಾಂಡವನ್ನು ದಪ್ಪಗೊಳಿಸುವುದಕ್ಕೆ ವ್ಯಯಿಸುತ್ತದೆ. ಬಳ್ಳಿ ಆ ವೆಚ್ಚವನ್ನು ಉಳಿಸಿ, ಮೈಭಾರವನ್ನು ಅನ್ಯರ ಹೆಗಲಿಗೆ ಹಾಕಿ, ಉಳಿದ ಶಕ್ತಿಯನ್ನೆಲ್ಲ ಉದ್ದ ಬೆಳೆಯುವುದಕ್ಕೆ ತೊಡಗಿಸುತ್ತದೆ. ನಾವು ಅದರ ರಭಸವೆಂದು ಹೇಳುವುದು ಈ ಮಿತವ್ಯಯದ ಫಲ.

ಏರುವ ಉಪಾಯಗಳು ಮಾತ್ರ ಬೇರೆಬೇರೆ. ಶಂಖಪುಷ್ಪದ ಕುಡಿ ಆಸರೆಯನ್ನು ತಾನೇ ಸುತ್ತುತ್ತ ಏರುತ್ತದೆ. ಕೃಷ್ಣಕಮಲ ತನ್ನ ಎಲೆಯ ಬುಡದಿಂದ ನೂಲಿನಂತಹ ಬಳುಕು ತಂತುಗಳನ್ನು ಚಾಚುತ್ತದೆ. ಕಾಗದದ ಹೂವಿನ ಕಂಟಿಗೆ ಸುತ್ತುವ ಕಲೆಯಿಲ್ಲ. ಬಾಗಿದ ಮುಳ್ಳುಗಳನ್ನು ಸಿಕ್ಕಲ್ಲಿ ಸಿಕ್ಕಿಸಿ ಒರಗಿಕೊಳ್ಳುತ್ತದೆ. ಮಧುಮಾಲತಿಯಲ್ಲಿ ಎಲೆ ಉದುರಿದ ಮೇಲೂ ಅದರ ತೊಟ್ಟಿನ ಬುಡ ಉಳಿದು, ಗಟ್ಟಿಯಾಗಿ, ಕೊಕ್ಕೆಯ ಕೆಲಸ ಮಾಡುತ್ತದೆ. ಇನ್ನು ಗೋಡೆಗೆ ಬೇರಿನಿಂದಲೇ ಅಂಟಿಕೊಳ್ಳುವ ಜಾತಿಗಳಿವೆ; ಅವು ಕಿತ್ತಾಗ ಸುಣ್ಣಬಣ್ಣವನ್ನೂ ಗಾರೆಯನ್ನೂ ಜೊತೆಗೆ ಕಿತ್ತು ತರುವುದರಿಂದ ಮನೆಯ ಗೋಡೆಗೆ ಅವು ಬೇಡವೆಂದೇ ನನ್ನ ಅಭಿಪ್ರಾಯ.

ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಪ್ರಕಟಿಸಿದ ತನ್ನ ಒಂದು ದೀರ್ಘ ಪ್ರಬಂಧವನ್ನು ಪೂರ್ತಿಯಾಗಿ ಏರುಬಳ್ಳಿಗಳಿಗೇ ಮೀಸಲಿಟ್ಟಿದ್ದನು. ಅನಾರೋಗ್ಯದಿಂದ ಕೋಣೆಯೊಳಗೆ ಉಳಿಯಬೇಕಾಗಿ ಬಂದ ದಿನಗಳಲ್ಲಿ ಹಾಪ್ ಎಂಬ ಬಳ್ಳಿಯ ಕುಂಡವನ್ನು ಪಕ್ಕದಲ್ಲಿಟ್ಟುಕೊಂಡು ಹಗಲಿರುಳು ನೋಡಿದ ಆತನು, ಅದರ ಎಳೆಯ ಕುಡಿ ಆಸರೆಗಾಗಿ ಗಾಳಿಯಲ್ಲಿ ವೃತ್ತವನ್ನು ಬರೆಯುತ್ತಿರುವುದನ್ನೂ, ಸೆಕೆಯ ದಿನಗಳಲ್ಲಿ ಒಂದು ಸುತ್ತಿಗೆ ಎರಡು ಗಂಟೆಗಿಂತ ತುಸು ಹೆಚ್ಚು ಕಾಲ ಹಿಡಿಯುವುದನ್ನೂ ಕಂಡುಕೊಂಡನು. ನಮ್ಮ ಮಾಳಿಗೆಯ ಅಂಚಿನಿಂದ ತೂಗುವ ಹಂಬು ತಡಕಾಡುತ್ತಿರುವಂತೆ ಕಾಣುವುದು ಕೇವಲ ಗಾಳಿಯಿಂದಲ್ಲ.

ಕೃಷ್ಣಕಮಲದ ತಂತುವನ್ನು ಹತ್ತಿರದಿಂದ ನೋಡಬೇಕು. ನಮ್ಮಲ್ಲಿ ಇದನ್ನು ಕೌರವ-ಪಾಂಡವರ ಹೂವೆಂದೂ ಕರೆಯುವರು: ಸುತ್ತ ನೆರೆದ ನೂರೆಳೆ ಕೌರವರು, ನಡುವಿನ ಐದು ಕೇಸರ ಪಾಂಡವರು, ಮೇಲಿನ ಮೂರು ಶಲಾಕೆ ತ್ರಿಮೂರ್ತಿಗಳು. ಹೂವಿನ ಈ ಕಥೆ ಎಲ್ಲರಿಗೂ ಗೊತ್ತು. ತಂತುವಿನ ಕಥೆ ಯಾರೂ ಹೇಳುವುದಿಲ್ಲ. ನೇರವಾಗಿ ಚಾಚಿದ ತಂತುವಿನ ತುದಿಗೆ ತಂತಿಯೊಂದು ತಾಗಿದರೆ, ಕೆಲವು ಜಾತಿಗಳಲ್ಲಿ ಅರ್ಧ ನಿಮಿಷದೊಳಗೇ ಅದು ಬಾಗತೊಡಗುತ್ತದೆ. ತಾಗಿದ ಬದಿಯ ಬೆಳವಣಿಗೆ ಹಿಂದೆ ಬಿದ್ದು, ಎದುರು ಬದಿ ಬೇಗ ಬೆಳೆಯುವುದರಿಂದ ತುದಿ ತಂತಿಯನ್ನು ಸುತ್ತಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲದೆ, ಎರಡೂ ಕೊನೆಗಳು ಬಿಗಿದ ಮೇಲೆ ನಡುವಿನ ಭಾಗವೂ ಸುರುಳಿಗೊಳ್ಳುತ್ತದೆ. ಎರಡು ಕೊನೆ ಕಟ್ಟಿದ ದಾರವನ್ನು ಒಂದೇ ದಿಕ್ಕಿಗೆ ಹುರಿಮಾಡಲು ಸಾಧ್ಯವಿಲ್ಲದುದರಿಂದ, ಅರ್ಧ ಸುರುಳಿ ಬಲಕ್ಕೂ ಅರ್ಧ ಸುರುಳಿ ಎಡಕ್ಕೂ ತಿರುಗಿ, ನಡುವೆ ಒಂದು ಚಿಕ್ಕ ನೇರ ತುಂಡು ಉಳಿಯುತ್ತದೆ. ಹೀಗೆ ಸಿದ್ಧವಾದ ಸ್ಪ್ರಿಂಗು ಬಿರುಗಾಳಿಯಲ್ಲಿ ಹಿಗ್ಗಿ ಕುಗ್ಗಿ ಬಳ್ಳಿಯನ್ನು ಕಾಯುತ್ತದೆ. ನಿಮ್ಮ ಹಿತ್ತಲಲ್ಲಿ ಈ ಬಳ್ಳಿಯಿದ್ದರೆ ನಾಳೆ ಬೆಳಿಗ್ಗೆ ಹೋಗಿ ಆ ನೇರ ತುಂಡನ್ನು ಹುಡುಕಿರಿ.

ಭಾರ ಹೊರುವುದು ಯಾವುದು?

ಬಳ್ಳಿ ಕೈಮೀರಿತೆಂದು ದೂರುವ ಮನೆಗಳಲ್ಲಿ ವಿಚಾರಿಸಿದರೆ ತಿಳಿಯುವುದು ಬಹುಮಟ್ಟಿಗೆ ಒಂದೇ: ಸಸಿಯನ್ನು ಮೊದಲು ನೆಟ್ಟರು, ಹಂದರದ ಮಾತನ್ನು ಆಮೇಲೆ ತೆಗೆದರು. ಬಳ್ಳಿ ಕಾಯುವುದಿಲ್ಲ. ಹಂದರವಿಲ್ಲದಿದ್ದರೆ ಕೊಳವೆ, ಕಿಟಕಿಯ ಸರಳು, ಟಿ.ವಿ. ಡಿಶ್ಶು, ಪಕ್ಕದ ನುಗ್ಗೆಮರ, ಯಾವುದು ಸಿಕ್ಕಿದರೆ ಅದನ್ನು ಹಿಡಿಯುತ್ತದೆ. ಹಿಡಿದ ಮೇಲೆ ಬಿಡಿಸುವುದು ಕಷ್ಟ.

ಮಧುಮಾಲತಿಯಂತೂ ಈ ವಿಷಯದಲ್ಲಿ ಹೊಸಬರನ್ನು ಮೋಸಗೊಳಿಸುತ್ತದೆ. ನೆಟ್ಟ ಮೊದಲ ತಿಂಗಳುಗಳಲ್ಲಿ ಅದು ಬಳ್ಳಿಯೇ ಅಲ್ಲ, ಸಾಧುವಾದ ಒಂದು ಕಂಟಿ. ಆಮೇಲೆ ಇದ್ದಕ್ಕಿದ್ದಂತೆ ಬುಡದಿಂದ ಉದ್ದನೆಯ ಹಂಬುಗಳು ಚಿಮ್ಮಿ ಮೇಲೇರುತ್ತವೆ. ಹದಿನೇಳನೆಯ ಶತಮಾನದಲ್ಲಿ ಪೂರ್ವದ್ವೀಪಗಳಲ್ಲಿದ್ದ ರಂಫಿಯಸ್ ಎಂಬ ಸಸ್ಯಜ್ಞನು ಈ ಗಿಡಕ್ಕಿಟ್ಟ ಲ್ಯಾಟಿನ್ ಹೆಸರು ಕ್ವಿಸ್ಕ್ವಾಲಿಸ್; ‘ಯಾರು? ಎಂಥದು?’ ಎಂದು ಅದರ ಅರ್ಥ. ನಮ್ಮ ಮನೆಯಲ್ಲಿ ಅದನ್ನು ಕಂಟಿಯೆಂದೇ ತಿಳಿದು ಮಳೆನೀರಿನ ಕೊಳವೆಯ ಬುಡದಲ್ಲಿ ನಾನೇ ನೆಟ್ಟೆನು. ಮೂರನೆಯ ಮುಂಗಾರಿನ ಮೊದಲ ಬಿರುಗಾಳಿಗೆ, ನೆನೆದು ಭಾರವಾದ ಬಳ್ಳಿ ಕೊಳವೆಯನ್ನು ಕ್ಲಾಂಪುಗಳ ಸಮೇತ ಗೋಡೆಯಿಂದ ಕಿತ್ತು ಅಂಗಳದಲ್ಲಿ ಕೆಡವಿತು. ಅದರ ಅಡಿಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲವೆಂಬುದನ್ನು ನೆನೆದರೆ ಇಂದಿಗೂ ನಿಟ್ಟುಸಿರು ಬರುತ್ತದೆ.

ಬಳ್ಳಿಯ ಭಾರವನ್ನು ಒಣಗಿದ ದಿನ ನೋಡಿ ಅಳೆಯಬಾರದು. ಮಳೆಯಲ್ಲಿ ತೊಯ್ದು, ಗಾಳಿಗೆ ಹಾಯಿಯಂತೆ ಉಬ್ಬಿದ ದಿನವನ್ನು ಊಹಿಸಿ ಅಳೆಯಬೇಕು. ಬಿದಿರಿನ ಹಂದರ ಹೀರೆಗೆ, ಅವರೆಗೆ, ಶಂಖಪುಷ್ಪಕ್ಕೆ ಸಾಕು. ಎರಡು ಮೂರು ವರ್ಷಕ್ಕೆ ಅದು ಶಿಥಿಲವಾದರೂ ಬೇರೆ ಹಾಕಬಹುದು. ಇಪ್ಪತ್ತು ವರ್ಷ ಬದುಕುವ ಮಧುಮಾಲತಿಗೂ ಕಾಗದದ ಹೂವಿಗೂ ಕಬ್ಬಿಣದ ಪೈಪು ಬೇಕು, ಇಲ್ಲವೇ ಕಲ್ಲಿನ ಕಂಬ ಬೇಕು. ಇಳಕಲ್ಲಿನ ಕೆಂಪು ಗ್ರಾನೈಟು ದೇಶಾಂತರಕ್ಕೆ ಹೋಗುವ ಈ ಸೀಮೆಯಲ್ಲಿ ಕಲ್ಲಿಗೇನು ಬರ? ದ್ರಾಕ್ಷಿಯ ತೋಟಗಳಲ್ಲಿ ಹಾಕುವ ಕಬ್ಬಿಣದ ಆಂಗಲ್ಲು ಮತ್ತು ತಂತಿಯ ಹಂದರ ಮನೆಯಂಗಳಕ್ಕೂ ಚೆನ್ನಾಗಿ ಒಗ್ಗುತ್ತದೆ.

ಗೋಡೆಗೂ ಹಂದರಕ್ಕೂ ನಡುವೆ ಕನಿಷ್ಠ ಒಂದು ಗೇಣು ಅಂತರವಿರಲಿ. ಆ ಅಂತರದಲ್ಲಿ ಗಾಳಿಯಾಡಿದರೆ ಗೋಡೆ ಥಂಡಿ ಹಿಡಿಯುವುದಿಲ್ಲ, ಬಣ್ಣ ಬಳಿಯಲು ಕೈ ಹೋಗುತ್ತದೆ, ಬೇಸಿಗೆಯ ಅಪರಾಹ್ನದಲ್ಲಿ ಎಲೆಗಳು ಬಿಸಿಲನ್ನು ತಡೆದರೆ ಅವುಗಳ ಹಿಂದಿನ ಗೋಡೆ ಕಾಯುವುದೂ ಕಡಿಮೆ. ಪಶ್ಚಿಮದ ಗೋಡೆಯೇ ನಮ್ಮ ಊರಿನಲ್ಲಿ ಬಳ್ಳಿಗೆ ತಕ್ಕ ಸ್ಥಳ. ಗುಂಡಿಯನ್ನು ಗೋಡೆಯ ಬುಡದಲ್ಲಿಯೇ ತೋಡದೆ ಒಂದೂವರೆ ಅಡಿ ಈಚೆಗೆ, ಎರಡಡಿ ಆಳ ಎರಡಡಿ ಅಗಲವಾಗಿ ತೋಡಬೇಕು. ಕೆಳಗೆ ಗರಸಿದ್ದರೆ ಅದನ್ನು ತೆಗೆದು ಕೆಮ್ಮಣ್ಣನ್ನೂ ಕಳಿತ ತಿಪ್ಪೆಗೊಬ್ಬರವನ್ನೂ ತುಂಬಬೇಕು. ಎರೆಮಣ್ಣಿದ್ದರೆ ಉಸುಕನ್ನು ಬೆರೆಸಬೇಕು, ಏಕೆಂದರೆ ಎರೆ ಮಳೆಗಾಲದಲ್ಲಿ ನೀರು ಕಟ್ಟಿ ಬೇರನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ.

ಇನ್ನೊಂದು ಸೂಕ್ಷ್ಮ. ಎಳೆಯ ಹಂಬನ್ನು ನೆಟ್ಟಗೆ ಮೇಲಕ್ಕೆ ಬಿಡುವುದಕ್ಕಿಂತ ತಂತಿಯ ಉದ್ದಕ್ಕೆ ಅಡ್ಡಲಾಗಿ ಕಟ್ಟುವುದು ಲೇಸು. ತುದಿಯ ಕುಡಿಯಲ್ಲಿ ಹುಟ್ಟಿ ಕೆಳಗಿಳಿಯುವ ಒಂದು ದ್ರವ್ಯ ಪಕ್ಕದ ಮೊಗ್ಗುಗಳನ್ನು ನಿದ್ರೆಯಲ್ಲಿಡುತ್ತದೆ. ಕಾಂಡ ಅಡ್ಡಲಾದಾಗ ಆ ಹಿಡಿತ ಸಡಿಲಿ, ಗೆಣ್ಣುಗೆಣ್ಣಿಗೂ ಚಿಗುರೊಡೆಯುತ್ತದೆ. ನೆಟ್ಟಗೆ ಬಿಟ್ಟ ಬಳ್ಳಿ ಮಾಳಿಗೆಯ ಮೇಲೆ ಮಾತ್ರ ಹೂ ಬಿಟ್ಟು, ಮನೆಯವರಿಗೆ ಬೋಳು ಕಾಲುಗಳನ್ನು ತೋರಿಸುತ್ತದೆ. ಕಟ್ಟುವುದಕ್ಕೆ ತಂತಿ ಬೇಡ, ಅದು ತೊಗಟೆಯೊಳಗೆ ಇಳಿಯುತ್ತದೆ. ಸುತಳಿ ಇಲ್ಲವೇ ಹಳೆಯ ಸೀರೆಯ ಪಟ್ಟಿ, ಅದೂ ಬೆರಳು ತೂರುವಷ್ಟು ಸಡಿಲಾಗಿ.

ಕಾಗದದ ಹೂವಿನ ಮರ್ಮ

ಬೋಗನ್‌ವಿಲ್ಲಾ ನಮ್ಮ ಬಾಯಲ್ಲಿ ಕಾಗದದ ಹೂವಾದುದು ಸಾರ್ಥಕವಾದ ನಾಮಕರಣ. ಬಣ್ಣದ ಮೂರು ದಳಗಳೆಂದು ತೋರುವುವು ದಳಗಳಲ್ಲ, ಬಣ್ಣ ಬದಲಿಸಿದ ಎಲೆಗಳು. ಒಂದನ್ನು ಕೈಗೆತ್ತಿಕೊಂಡು ನೋಡಿದರೆ, ಪ್ರತಿಯೊಂದರ ನಡುನರಕ್ಕೆ ಅಂಟಿದಂತೆ ಸಣ್ಣ ಕೊಳವೆಯೊಂದು ಕಾಣುತ್ತದೆ. ಅದರ ಬಾಯಲ್ಲಿ ನಕ್ಷತ್ರದಂತೆ ಬಿರಿದ ಕೆನೆಬಣ್ಣದ ಪುಟಾಣಿಯೇ ನಿಜವಾದ ಹೂವು.

ಫ್ರೆಂಚ್ ನಾವಿಕ ಬೋಗನ್‌ವಿಲ್ 1766ರಲ್ಲಿ ಹೊರಟ ಭೂಪ್ರದಕ್ಷಿಣೆಯಲ್ಲಿ ಜೊತೆಗಿದ್ದ ಸಸ್ಯಜ್ಞ ಕಾಮರ್ಸನ್, ಬ್ರೆಜಿಲಿನ ರಿಯೋ ಡಿ ಜನೈರೊದಲ್ಲಿ ಇದನ್ನು ಕಂಡು ತನ್ನ ನಾಯಕನ ಹೆಸರನ್ನಿಟ್ಟನು. ಆ ಯಾನದಲ್ಲಿ ಗಂಡುವೇಷ ಧರಿಸಿ ಆತನ ಸಹಾಯಕಳಾಗಿದ್ದ ಜೀನ್ ಬಾರೆ, ಭೂಮಿಯನ್ನು ಸುತ್ತಿ ಬಂದ ಸ್ತ್ರೀಯರಲ್ಲಿ ನಮಗೆ ತಿಳಿದಂತೆ ಮೊದಲಿಗಳು. ಗಿಡಗಳನ್ನು ಹೊತ್ತು ತಂದ ಕೈ ಬಹುಮಟ್ಟಿಗೆ ಅವಳದು. ಹೂವಿಗೆ ನಿಂತುದು ನಾಯಕನ ಹೆಸರು. ಇದನ್ನು ಓದಿದಾಗಲೆಲ್ಲ ನನಗೆ ಖೇದವಾಗುತ್ತದೆ.

ಈ ಬಳ್ಳಿಯನ್ನು ಕುರಿತು ನಮ್ಮಲ್ಲಿ ಹೆಚ್ಚು ಕೇಳಿಬರುವ ದೂರು, ಎಲೆ ಸೊಂಪಾಗಿ ಬೆಳೆದರೂ ಹೂವಿಲ್ಲವೆಂಬುದು. ಕಾರಣ ಅತಿಯಾದ ಆರೈಕೆ. ದಿನವೂ ನೀರು, ಮೇಲಿಂದಮೇಲೆ ಸಗಣಿಗೊಬ್ಬರ, ಕೈಗೆ ಸಿಕ್ಕಷ್ಟು ಯೂರಿಯಾ ದೊರೆತ ಗಿಡ ಎಲೆಯನ್ನೇ ಬೆಳೆಯುತ್ತದೆ. ಒಣಹವೆಯ ನಾಡಿಗೂ ಹೊಂದಿ ಬಾಳಬಲ್ಲ ಈ ಸಸ್ಯಕ್ಕೆ ನೀರಿನ ತುಸು ಕೊರತೆಯೇ ಹೂವಿನ ಪ್ರೇರಣೆ. ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಹಂಬುಗಳ ತುದಿಯನ್ನು ಕತ್ತರಿಸಿ, ಹೊಸ ಚಿಗುರು ಗೇಣುದ್ದವಾದ ಮೇಲೆ ನೀರನ್ನು ತಡೆಹಿಡಿದು, ಎಲೆ ಬಾಡುವ ಸೂಚನೆ ಕಂಡಾಗ ಮಾತ್ರ ಕೊಟ್ಟರೆ, ಸಂಕ್ರಾಂತಿಯಿಂದಾಚೆಗೆ ಬಣ್ಣ ತುಂಬತೊಡಗುತ್ತದೆ. ನೀರಿಗೆ ತತ್ವಾರ ಬರುವ ಮಾರ್ಚ್-ಏಪ್ರಿಲ್ ತಿಂಗಳಲ್ಲಿಯೇ ಇದು ಅತ್ಯಂತ ವೈಭವದಿಂದಿರುವುದು ನಮ್ಮ ಸೀಮೆಯ ಭಾಗ್ಯ. ಹೊಸದಾಗಿ ತರುವವರು ಮೇರಿ ಪಾಮರ್ ಎಂಬ ತಳಿಯನ್ನು ವಿಚಾರಿಸಿ ನೋಡಬಹುದು. ಒಂದೇ ಗಿಡದಲ್ಲಿ ಬಿಳಿಯೂ ಕಡುಗೆಂಪೂ ಎರಡೂ ಬಣ್ಣ ಅದರಲ್ಲಿ ಬರುತ್ತವೆ.

ಚಾಟಣಿಯ ಕಾಲ

ಬಾಗಲಕೋಟೆ, ವಿಜಯಪುರಗಳ ದ್ರಾಕ್ಷಿ ಬೆಳೆಗಾರರಿಗೆ ಚಾಟಣಿಯನ್ನು, ಎಂದರೆ ಬಳ್ಳಿಯನ್ನು ಕತ್ತರಿಸುವುದನ್ನು, ಹೇಳಿಕೊಡಬೇಕಾಗಿಲ್ಲ. ಏಪ್ರಿಲಿನ ಚಾಟಣಿ ಕಡ್ಡಿಗಾಗಿ, ಅಕ್ಟೋಬರಿನ ಚಾಟಣಿ ಹಣ್ಣಿಗಾಗಿ. ವರ್ಷಕ್ಕೆ ಎರಡು ಸಲ ಇಡೀ ತೋಟವನ್ನು ಬೋಳಿಸಿದರೇನೇ ಬೆಳೆ. ಚಾಟಣಿ ತಪ್ಪಿದ ದ್ರಾಕ್ಷಿ ಬರಿಯ ಎಲೆಯ ಚಪ್ಪರ. ಅದೇ ಬೆಳೆಗಾರನ ಮನೆಯ ಮುಂದಿನ ಮಲ್ಲಿಗೆ ಹತ್ತು ವರ್ಷ ಕತ್ತರಿಯನ್ನೇ ಕಾಣದೆ ಒಣಗಡ್ಡಿಯ ಗುಡಿಸಲಾಗಿರುವುದನ್ನು ನಾನು ಕಂಡಿದ್ದೇನೆ. ಹೂಬಳ್ಳಿಯನ್ನು ಕತ್ತರಿಸುವುದೆಂದರೆ ಜನಕ್ಕೆ ಅದೇಕೋ ಪಾಪಭೀತಿ.

ಎಲ್ಲ ಬಳ್ಳಿಯನ್ನೂ ಒಂದೇ ದಿನ ಕತ್ತರಿಸಲಾಗದು. ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ಇದು ಹೂ ಬಿಡುವುದು ಈ ವರ್ಷ ಹುಟ್ಟಿದ ಚಿಗುರಿನಲ್ಲಿಯೋ, ಕಳೆದ ವರ್ಷ ಬಲಿತ ಕಡ್ಡಿಯಲ್ಲಿಯೋ? ಮಲ್ಲಿಗೆ, ಮಧುಮಾಲತಿ, ಕೃಷ್ಣಕಮಲ, ಕಾಗದದ ಹೂ, ಇವೆಲ್ಲ ಹೊಸ ಚಿಗುರಿನಲ್ಲಿ ಹೂ ಬಿಡುವುವು. ಇವನ್ನು ಕತ್ತರಿಸಿದಷ್ಟೂ ಚಿಗುರು, ಚಿಗುರಿದಷ್ಟೂ ಹೂ. ಚಳಿಗಾಲದ ಕೊನೆಯಲ್ಲಿ ಬೆಂಕಿಯಂತೆ ಕಿತ್ತಳೆಯ ಗೊಂಚಲುಗಳನ್ನು ಸುರಿಸುವ ಕಹಳೆಬಳ್ಳಿಯ ಲೆಕ್ಕ ಬೇರೆ. ಮಳೆಗಾಲದುದ್ದಕ್ಕೂ ಬೆಳೆದ ಹಂಬುಗಳ ತುದಿಯಲ್ಲಿ ಅದರ ಹೂವಿರುವುದರಿಂದ, ಅದನ್ನು ದೀಪಾವಳಿಗೆ ಕತ್ತರಿಸಿದವರು ಆ ವರ್ಷದ ಹೂವನ್ನೆಲ್ಲ ಕತ್ತರಿಸಿದಂತೆ. ಹೂ ಮುಗಿದ ಮೇಲೆ, ಶಿವರಾತ್ರಿಯಾಚೆಗೆ ಕತ್ತರಿಸಬೇಕು.

ಮಲ್ಲಿಗೆಯಲ್ಲಿಯೂ ಜಾತಿಗೊಂದು ಕಾಲವುಂಟು. ದುಂಡುಮಲ್ಲಿಗೆಗೆ ನವೆಂಬರಿನ ಕೊನೆ, ಜಾಜಿಗೆ ಡಿಸೆಂಬರ್, ಹೂವಿನ ಹಡಗಲಿಯ ಹೆಸರಿನಿಂದ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಲ್ಲಿಗೆಯ ಜಾತಿಗೆ ಜನವರಿಯ ಕೊನೆ, ನಮ್ಮ ಲೆಕ್ಕದಲ್ಲಿ ಬಾದಾಮಿಯ ಬನಶಂಕರಿಯ ಜಾತ್ರೆ ಮುಗಿಸಿ ಬಂದ ಮೇಲೆ. ಅದಕ್ಕೆ ಕೆಲವು ದಿನ ಮೊದಲೇ ನೀರು ನಿಲ್ಲಿಸಿ, ಮೊಣಕಾಲೆತ್ತರಕ್ಕೆ ಇಡೀ ಗಿಡವನ್ನು ಕತ್ತರಿಸಿ, ಒಣಗಡ್ಡಿಯನ್ನು ತೆಗೆದು, ಬುಡ ಬಿಡಿಸಿ ಗೊಬ್ಬರ ಕೊಟ್ಟು ನೀರುಣಿಸಿದರೆ, ಯುಗಾದಿಯ ಆಸುಪಾಸಿನಲ್ಲಿ ಮೊಗ್ಗು ಬಿಡಿಸಲು ಬುಟ್ಟಿ ಬೇಕಾಗುತ್ತದೆ.

ಕೈಮೀರಿ ಬೆಳೆದ ಮಧುಮಾಲತಿಯನ್ನು ಬೇಸಿಗೆಯ ಝಳದಲ್ಲಿ ಮುಟ್ಟದೆ ಚಳಿಗಾಲದ ಕೊನೆಗೆ ಎತ್ತಿಕೊಳ್ಳಬೇಕು. ಎರಡು ದಾರಿಗಳಿವೆ. ಧೈರ್ಯವಿದ್ದವರು ಇಡೀ ಬಳ್ಳಿಯನ್ನು ನೆಲದಿಂದ ಮೂರಡಿಗೆ ಇಳಿಸಬಹುದು, ಅದು ಸಾಯುವುದಿಲ್ಲ. ನೆರಳನ್ನು ಒಮ್ಮೆಗೇ ಕಳೆದುಕೊಳ್ಳಲಾರದವರು ವರ್ಷಕ್ಕೆ ಮೂರರಲ್ಲೊಂದು ಪಾಲಿನಂತೆ ಮುದಿಕಾಂಡಗಳನ್ನು ಬುಡಕ್ಕೇ ಕತ್ತರಿಸಿ, ಮೂರು ವರ್ಷದಲ್ಲಿ ಬಳ್ಳಿಯನ್ನು ಹೊಸದಾಗಿಸಬಹುದು. ನಾನು ಎರಡನೆಯದನ್ನೇ ಮೆಚ್ಚುತ್ತೇನೆ. ಹೊರಗಿನ ತುದಿಗಳನ್ನು ಮಾತ್ರ ಕ್ಷೌರದಂತೆ ಸವರುವ ಮೂರನೆಯ ಪದ್ಧತಿ ಊರೆಲ್ಲ ರೂಢಿಯಲ್ಲಿದೆ; ಅದರಿಂದ ಹೊರಗೆ ಹಸಿರಿನ ಚಿಪ್ಪು ಗಟ್ಟಿಯಾಗಿ, ಒಳಗೆ ಬೆಳಕಿಲ್ಲದೆ ಒಣಕಸ ತುಂಬಿ, ಇಲಿಯೂ ಅದರ ಬೆನ್ನಿಗೆ ಹಾವೂ ಸೇರುತ್ತವೆ. ಹಾವಿನ ಭಯವಿದ್ದವರು ಬಳ್ಳಿಯನ್ನೇ ತೆಗೆಯಬೇಕಾಗಿಲ್ಲ. ಬುಡದ ಎರಡು ಮೂರು ಅಡಿಯನ್ನು ಎಲೆ, ಕಸವಿಲ್ಲದೆ ಬೋಳಾಗಿಟ್ಟರೆ ನೆಲ ಕಣ್ಣಿಗೆ ಬೀಳುತ್ತದೆ.

ಕತ್ತರಿ ಹರಿತವಿರಲಿ, ಗೆಣ್ಣಿನ ಮೇಲ್ಗಡೆ, ಓರೆಯಾಗಿ, ಒಂದೇ ಏಟಿಗೆ. ಮಧುಮಾಲತಿ ಬೇರಿನಿಂದಲೂ ದೂರದೂರಕ್ಕೆ ಮರಿಗಳನ್ನು ಎಬ್ಬಿಸುತ್ತದೆ. ಅವನ್ನು ಕತ್ತರಿಸಿದರೆ ಮತ್ತೆ ಬರುವುವು, ಮಣ್ಣು ಬಿಡಿಸಿ ಬೇರಿನ ಬಳಿಯೇ ಕೀಳಬೇಕು. ಹಳದಿ ಕಹಳೆಯಂತಹ ಹೂವಿನ ಅಲಮಂಡದ ಹಾಲು ವಿಷಕರ, ಚರ್ಮಕ್ಕೆ ತಾಗಿದರೆ ತುರಿಸುತ್ತದೆ. ಕೈಗವಸು ಬೇಕು, ಮಕ್ಕಳನ್ನು ದೂರವಿಡಬೇಕು. ಮೆಕ್ಸಿಕೋದಿಂದ ಬಂದ ಗುಲಾಬಿ ಬಣ್ಣದ ಆಂಟಿಗೊನನ್ ಬಳ್ಳಿಯ ಬಲವೆಲ್ಲ ನೆಲದೊಳಗಿನ ಗೆಡ್ಡೆಯಲ್ಲಿದೆ. ಮೇಲೆ ಎಷ್ಟು ಸವರಿದರೂ ಮೊದಲ ಮಳೆಗೆ ಮತ್ತೆ ಏಳುವುದರಿಂದ, ಬೇಡವಾದರೆ ಗೆಡ್ಡೆಯನ್ನೇ ಅಗೆದು ತೆಗೆಯಬೇಕು.

ನಮ್ಮ ಮಾಧವಿ, ಅವರ ಕಳೆ

ಹಳಗನ್ನಡ ಕಾವ್ಯಗಳ ವಸಂತವರ್ಣನೆಯಲ್ಲಿ ಮಾವಿನ ಮರವನ್ನು ಅಪ್ಪಿಕೊಳ್ಳುವ ಮಾಧವೀಲತೆ ನಮ್ಮ ದೇಶದ್ದೇ ಸಸ್ಯ. ಅಂಚಿಗೆ ಕುಚ್ಚು ಕಟ್ಟಿದಂತಹ ಬಿಳಿಯ ದಳಗಳು, ಅವುಗಳಲ್ಲೊಂದರ ಮೇಲೆ ಹಳದಿಯ ಬೊಟ್ಟು, ಮನಸೂರೆಗೊಳ್ಳುವ ಗಂಧ. ಅದರ ಕಾಯಿಗೆ ಮೂರು ರೆಕ್ಕೆಗಳು. ಒಣಗಿ ಕಳಚಿದಾಗ ಗಿರಗಿರನೆ ತಿರುಗುತ್ತ ಗಾಳಿಯ ಮೇಲೆ ತೇಲಿ ಹೋಗುವುದನ್ನು ಒಮ್ಮೆ ಕಂಡವರು ಮರೆಯಲಾರರು. ಇಂತಹ ಮಾಧವಿಯನ್ನು ಉದ್ಯಾನದ ಚೆಲುವಿಗೆಂದು ಮಾರಿಷಸ್, ರಿಯೂನಿಯನ್ ದ್ವೀಪಗಳಿಗೆ ಒಯ್ದರು. ಅಲ್ಲಿ ಅದು ತೋಟದ ಬೇಲಿಯನ್ನು ದಾಟಿ ಕಾಡಿಗೆ ಹೊಕ್ಕು, ಮರಗಳ ನೆತ್ತಿಯನ್ನು ಮುಚ್ಚಿ, ಕೆಳಗೆ ಬೆಳಕಿಲ್ಲದಂತೆ ಮಾಡಿತು. ಲೋಕದ ಅತಿ ಹಾನಿಕರವಾದ ಆಕ್ರಮಣಶೀಲ ನೂರು ಜೀವಿಗಳದೊಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನಮ್ಮ ಕವಿಗಳ ಮಾಧವಿಯ ಹೆಸರೂ ಇದೆ.

ಗಿಡದಲ್ಲಿ ದೋಷವಿಲ್ಲ. ತವರಿನಲ್ಲಿ ಅದನ್ನು ತಿನ್ನುವ ಹುಳುಗಳೂ ತಡೆಯುವ ನೆರೆಗಿಡಗಳೂ ಇದ್ದುವು. ಪರದ್ವೀಪದಲ್ಲಿ ಆ ತಡೆಗಳಿರಲಿಲ್ಲ. ನಾವು ನರ್ಸರಿಯಿಂದ ತರುವ ಬಳ್ಳಿಗಳಲ್ಲಿ ಬಹುಪಾಲು ಪರದೇಶದವೆಂಬುದನ್ನು ನೆನೆದರೆ, ಕತ್ತರಿಸಿದ ಹಂಬುಗಳನ್ನೂ ಗೆಡ್ಡೆಗಳನ್ನೂ ಹಿನ್ನೀರಿನ ದಂಡೆಗೆ ಎಸೆದು ಬರುವ ರೂಢಿಯನ್ನು ಇಂದೇ ಬಿಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕುವುದು ಕಷ್ಟವೇನಲ್ಲ.

ಪಕ್ಕದ ಮಾಳಿಗೆ

ಗೋಡೆಗೆ ಗೋಡೆ ಹತ್ತಿದ ನಿವೇಶನಗಳಲ್ಲಿ ಬಳ್ಳಿ ಒಂದು ಮನೆಯದಾಗಿ ಉಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಪಕ್ಕದ ಮನೆಯವರು ಕಂಪೌಂಡಿನಾಚೆಯಿಂದ ನಮ್ಮ ತಾಯಿಯವರನ್ನು ಕರೆದರು.

“ಅಕ್ಕಾರ, ನಿಮ್ಮ ಬಳ್ಳಿ ನಮ್ಮ ಮಾಳಿಗಿ ಹತ್ತೇತ್ರಿ.”

“ಹತ್ತಿದ್ರ ಹೂ ನೀವೂ ಹರಕೋರಿ. ಹಂಬು ಕತ್ತರಸಾಕ ಐತವಾರ ಹುಡುಗನ್ನ ಕಳಸ್ತೀನಿ.”

ಭಾನುವಾರ ನಾನು ಹೋದೆನು. ಅವರ ನೀರಿನ ತೊಟ್ಟಿಯ ಮುಚ್ಚಳದ ಕೆಳಗೆ ಒಂದು ಹಂಬು ನುಸುಳಿ, ಕತ್ತಲಲ್ಲಿ ಬಿಳಿಚಿಕೊಂಡು ಗೇಣುದ್ದ ಬೆಳೆದಿದ್ದಿತು. ಆ ಮೇಲೆ ವರ್ಷಕ್ಕೆರಡು ಸಲ ಅವರ ಮಾಳಿಗೆಗೆ ಹೋಗಿ ನೋಡಿ ಬರುವುದು ನಿಯಮವಾಗಿದೆ. ನೆರೆಯವರು ಹೇಳುವ ಮೊದಲೇ ಹೋಗುವುದು ಒಳ್ಳೆಯದು.

ವಿದ್ಯುತ್ ತಂತಿಯ ವಿಷಯದಲ್ಲಿ ಮಾತ್ರ ಇಂತಹ ಸಲಿಗೆ ಸಲ್ಲದು. ಹಸಿಬಳ್ಳಿಯಲ್ಲಿ ನೀರಿದೆ, ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ. ತಂತಿಯನ್ನು ಮುಟ್ಟಿದ ಹಂಬನ್ನು ಏಣಿ ಹಾಕಿ ಮನೆಯವರೇ ಎಳೆಯಬಾರದು. ಲೈನ್‌ಮನ್ನರನ್ನು ಕರೆಯಿಸಿ ಕರೆಂಟು ತೆಗೆಸಿದ ಮೇಲೆಯೇ ಕತ್ತರಿ. ಅದಕ್ಕಿಂತ ಮೇಲಾದುದು, ತಂತಿ ಹಾದುಹೋಗುವ ಬದಿಗೆ ಹಂದರವನ್ನೇ ಹಾಕದಿರುವುದು.

ಮೃಗಶಿರ ಮಳೆ ಬಿದ್ದು ನೆಲ ತಣಿದ ವಾರದಲ್ಲಿ ನಮ್ಮ ಮನೆಗೆ ಕಡ್ಡಿ ಕೇಳಿಕೊಂಡು ಬರುವವರುಂಟು. ಬಲಿತ ಮಲ್ಲಿಗೆಯಿಂದ ಪೆನ್ಸಿಲ್ಲಿನ ದಪ್ಪದ, ಮೂರು ನಾಲ್ಕು ಗೆಣ್ಣಿನ ತುಂಡುಗಳನ್ನು ತೆಗೆದು, ಯಾವ ಕೊನೆ ಮಣ್ಣಿಗೆಂಬುದು ತಪ್ಪದಿರಲೆಂದು ಬುಡವನ್ನು ಓರೆಯಾಗಿಯೂ ತುದಿಯನ್ನು ನೇರವಾಗಿಯೂ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗಬೇಕೆಂದು ನಾನು ಹೇಳುತ್ತೇನೆ. ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿ ಸುತಳಿಯಿಂದ ಕಟ್ಟುವುದು ಇಂದಿಗೂ ನಮ್ಮ ತಾಯಿಯವರ ಕೆಲಸ. ಕಟ್ಟನ್ನು ಕೈಗೆ ಕೊಡುವ ಮೊದಲು ಒಂದು ಮಾತನ್ನು ಅವರು ಕೇಳದೆ ಬಿಡುವುದಿಲ್ಲ:

“ಹಂದರ ಹಾಕ್ಸೀರೇನವಾ?”